ದೂರದಿಂದ ಒತ್ತಿದ ಬಟನ್

ಹಜೀರಾ ಎಂದರೆ ನಮ್ಮೂರಿನವರಿಗೆ ಗೊತ್ತಾಗುವುದಿಲ್ಲ. ದಾವಣಗೆರೆಗೆ ಹೋದಾಗ ಯಾರಾದರೂ “ಎಲ್ಲಿರ್ತೀಯಪ್ಪ ಈಗ?” ಎಂದು ಕೇಳಿದರೆ “ಸೂರತ್” ಎಂದುಬಿಡುತ್ತೇನೆ. “ಓ, ಸೀರೆ ಊರು” ಎನ್ನುತ್ತಾರೆ. ಸೀರೆಯೂ ಹೌದು, ವಜ್ರವೂ ಹೌದು. ಆದರೆ ನಾನು ದುಡಿಯುವ ಕಡೆ ಎರಡೂ ಇಲ್ಲ. ಸೂರತ್ತಿನಿಂದ ಪಶ್ಚಿಮಕ್ಕೆ ಹೊರಟು, ತಾಪಿ ನದಿ ಖಂಭಾತ್ ಕೊಲ್ಲಿಯನ್ನು ಸೇರುವ ದಿಕ್ಕಿಗೆ ಹೋದರೆ ಉಕ್ಕು, ರಸಗೊಬ್ಬರ, ಗ್ಯಾಸು, ಪೆಟ್ರೋಕೆಮಿಕಲ್ ಕಾರ್ಖಾನೆಗಳ ಸಾಲು. ಅದೇ ಹಜೀರಾ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಫ್ಯೂಷನ್ ರಿಯಾಕ್ಟರಿನ ಕ್ರಯೋಸ್ಟಾಟ್ ಅನ್ನು, ಅಂದರೆ ಸುಮಾರು 29 ಮೀಟರ್ ಅಗಲದ, 3,850 ಟನ್ ತೂಕದ ಉಕ್ಕಿನ ಕೊಳಗವನ್ನು, ತುಂಡು ತುಂಡಾಗಿ ತಯಾರಿಸಿ ಕಳಿಸಿದ್ದು ಇಲ್ಲಿನ ಎಲ್ ಅಂಡ್ ಟಿ ಕಾರ್ಖಾನೆಯಿಂದ.

ನಾನು ಅಂಥ ದೊಡ್ಡ ಕಡೆ ಇಲ್ಲ. ದೊಡ್ಡವರ ನೆರಳಿನಲ್ಲಿ ನೂರಾರು ಸಣ್ಣ ಶೆಡ್‌ಗಳಿವೆ. ಫ್ಲಾಂಜ್, ಬುಷ್, ಬ್ರಾಕೆಟ್ ಅಂತ ಜಾಬ್‌ವರ್ಕ್ ಮಾಡಿಕೊಡುವ ಶೆಡ್‌ಗಳು. ಅವುಗಳಲ್ಲಿ ಒಂದರಲ್ಲಿ ಪ್ರೋಗ್ರಾಂ ಬರೆಯುವುದು, ಮಷಿನ್ ಕೆಟ್ಟರೆ ನೋಡುವುದು ನನ್ನ ಕೆಲಸ. ಶೆಡ್ಡಿನ ಹೆಸರು ಬೇಡ. ಈಗ ಹೇಳಲಿರುವ ತಪ್ಪು ಮುಖ್ಯವಾಗಿ ನನ್ನದು.

ಮೊದಲು ಸಿಎನ್‌ಸಿ ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮಪ್ಪನಿಗೆ ದಾವಣಗೆರೆಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ. ಅಲ್ಲಿರುವುದು ಪಕ್ಕದ ಹರಿಹರದಲ್ಲೇ ತಯಾರಾದ ಹಳೆಯ ಮೈಸೂರು ಕಿರ್ಲೋಸ್ಕರ್ ಲೇಥು. ಅಪ್ಪ ಎರಡೂ ಕೈಯಲ್ಲಿ ಚಕ್ರ ತಿರುಗಿಸುತ್ತಾ, ಕಣ್ಣಲ್ಲಿ ಅಳೆಯುತ್ತಾ, ಕಿವಿಯಲ್ಲಿ ಟೂಲಿನ ಸದ್ದು ಕೇಳುತ್ತಾ ಕಬ್ಬಿಣ ಕೊರೆಯುತ್ತಾನೆ. ಸಿಎನ್‌ಸಿಯಲ್ಲಿ ಆ ಚಕ್ರಗಳನ್ನು ಮೋಟಾರು ತಿರುಗಿಸುತ್ತದೆ. ಎಷ್ಟು, ಯಾವ ವೇಗದಲ್ಲಿ ಎಂಬುದನ್ನು ಸಾಲು ಸಾಲಾಗಿ ಬರೆದಿಟ್ಟಿರುತ್ತೇವೆ. ಅದಕ್ಕೆ ಜಿ-ಕೋಡ್ ಎನ್ನುತ್ತಾರೆ. ಅಮೆರಿಕದ ಎಂಐಟಿಯಲ್ಲಿ 1952ರಲ್ಲಿ ಇಂಥ ಮೊದಲ ಮಿಲ್ಲಿಂಗ್ ಮಷಿನ್ ಓಡಿಸಿ ತೋರಿಸಿದರು. ಆಗ ಸಾಲುಗಳನ್ನು ತೂತು ಕೊರೆದ ಕಾಗದದ ಪಟ್ಟಿಯಲ್ಲಿ ಉಣಿಸುತ್ತಿದ್ದರು. ಮಾರನೆಯ ವರ್ಷ ನಮ್ಮ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾಯಿತು. ಅಪ್ಪನ ತಲೆಮಾರಿಗೆ ಮಷಿನ್ ಅಂದರೆ ಎಚ್‌ಎಂಟಿ, ಇಲ್ಲವೇ ಕಿರ್ಲೋಸ್ಕರ್.

ನಮ್ಮ ಶೆಡ್ಡಿನಲ್ಲಿ ನಾಲ್ಕು ಸಿಎನ್‌ಸಿ ಮಷಿನ್‌ಗಳಿವೆ. ನಾಲ್ಕಕ್ಕೂ ನಾಲ್ಕು ವಯಸ್ಸು, ನಾಲ್ಕು ಭಾಷೆ. ಮೂರಕ್ಕೆ ಕಂಪನಿಯ ಕಂಟ್ರೋಲರ್. ಅದರಲ್ಲಿ ಎರಡಕ್ಕೆ ಪ್ರೋಗ್ರಾಂ ಕಳಿಸಬೇಕಾದರೆ ಇಂದಿಗೂ ಆರ್‌ಎಸ್-232 ಎಂಬ ಹಳೆಯ ದಪ್ಪ ಕೇಬಲ್ಲೇ ಗತಿ. ನಾಲ್ಕನೆಯದು ಒಂದು ಹಳೆಯ ವರ್ಟಿಕಲ್ ಮಷಿನ್. ಅದರ ಕಂಟ್ರೋಲರ್ 2018ರಲ್ಲಿ ಸತ್ತುಹೋಯಿತು. ಬೋರ್ಡ್ ಸಿಗುವುದಿಲ್ಲ, ಸಿಕ್ಕರೂ ಅದರ ಬೆಲೆಗೆ ಇನ್ನೊಂದು ಹಳೆಯ ಮಷಿನ್ನೇ ಬರುತ್ತದೆ ಎಂದಾಗ ಸೇಠ್ ಅದನ್ನು ಗುಜರಿಗೆ ಹಾಕಲು ಹೊರಟಿದ್ದರು. “ಒಂದು ತಿಂಗಳು ಕೊಡಿ” ಎಂದು ಕೇಳಿ ಅದಕ್ಕೆ ಲಿನಕ್ಸ್‌ಸಿಎನ್‌ಸಿ ಹಾಕಿದೆ.

ಈ ಲಿನಕ್ಸ್‌ಸಿಎನ್‌ಸಿಯ ಕಥೆ ಚೆನ್ನಾಗಿದೆ. 1990ರ ದಶಕದಲ್ಲಿ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್, ಕಂಪ್ಯೂಟರಿನಿಂದಲೇ ಮಷಿನ್ ನಡೆಸುವ ಒಂದು ತಂತ್ರಾಂಶ ಬರೆಸಿತು. ಹೆಸರು ಇಎಂಸಿ. ಸರ್ಕಾರದ ಕೆಲಸವಾದ್ದರಿಂದ ಅದರ ಮೇಲೆ ಯಾರ ಹಕ್ಕೂ ಇರಲಿಲ್ಲ. ಆಮೇಲೆ ಹವ್ಯಾಸಿಗಳು, ಸಣ್ಣ ವರ್ಕ್‌ಶಾಪಿನವರು ಅದನ್ನು ಎತ್ತಿಕೊಂಡು ಬೆಳೆಸಿದರು. ಅದೇ ಹೆಸರಿನ ಒಂದು ದೊಡ್ಡ ಕಂಪನಿ ತಕರಾರು ತೆಗೆದಿದ್ದರಿಂದ 2011ರಲ್ಲಿ ಹೆಸರು ಬದಲಾಯಿತು. ಇಂದಿಗೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗೆ ಏನಿದೆ ಎಂದು ಓದಬಹುದು, ತಿದ್ದಬಹುದು. ನಾನು ಮುಖ ನೋಡದ ಎಷ್ಟೋ ಜನರ ರಾತ್ರಿಗಳು ಅದರಲ್ಲಿವೆ. ನಮ್ಮ ಸತ್ತ ಮಷಿನ್ ಮತ್ತೆ ಎದ್ದದ್ದು ಅವರಿಂದ.

ಮಷಿನ್ ಎದ್ದಿತು. ಸೇಠ್ ಖುಷಿಯಾದರು. ಎರಡು ವರ್ಷ ಎಲ್ಲ ಸರಿಯಿತ್ತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಸೂರತ್ತಿನಲ್ಲಿದ್ದವರಿಗೆ ಆ ದಿನಗಳನ್ನು ಹೇಳಬೇಕಾಗಿಲ್ಲ. ಇಲ್ಲಿನ ಮಗ್ಗದಲ್ಲಿ, ಶೆಡ್ಡಿನಲ್ಲಿ ದುಡಿಯುವವರಲ್ಲಿ ಒಡಿಶಾದ ಗಂಜಾಂ ಜಿಲ್ಲೆಯವರೇ ಬಹಳ. ಊರಿಗೆ ಹೋಗಲು ಅವರು ಪಟ್ಟ ಪಾಡನ್ನು ಟಿವಿಯಲ್ಲಿ ನೀವೂ ನೋಡಿದ್ದೀರಿ. ಮತ್ತೆ ಶೆಡ್ ತೆರೆದಾಗ ಅರ್ಧಕ್ಕರ್ಧ ಜನ ಇಲ್ಲ. ಇದ್ದವರು ಒಬ್ಬೊಬ್ಬರು ಎರಡೆರಡು ಮಷಿನ್ ನೋಡಬೇಕು. ಸೇಠ್ ಮನೆ ಬಿಟ್ಟು ಬರುತ್ತಿರಲಿಲ್ಲ. ಗಂಟೆಗೊಮ್ಮೆ ಫೋನ್: “ಭಾಯಿ, ಮಷಿನ್ ಓಡ್ತಾ ಇದೆಯಾ?”

ಆಗಲೇ ನನಗೆ ಹೊಳೆದದ್ದು: ನಾಲ್ಕೂ ಮಷಿನ್‌ಗಳನ್ನು ಒಂದು ನೆಟ್‌ವರ್ಕಿಗೆ ತಂದು, ಮೊಬೈಲಿನ ಬ್ರೌಸರಿನಲ್ಲೇ ಕಾಣುವ ಹಾಗೆ ಮಾಡಿದರೆ? ಕೇಬಲ್ ಮಷಿನ್‌ಗಳ ಪಕ್ಕ ಒಂದೊಂದು ರಾಸ್ಪ್‌ಬೆರಿ ಪೈ ಕೂರಿಸಿದೆ. ಲಿನಕ್ಸ್‌ಸಿಎನ್‌ಸಿ ಮಷಿನ್ ಅಂತೂ ಕೇಳಿದ್ದನ್ನೆಲ್ಲ ತಾನೇ ಹೇಳುತ್ತದೆ. ಮೂರು ತಿಂಗಳ ರಾತ್ರಿ ಕೆಲಸ. ಯಾವ ಮಷಿನ್ ಓಡುತ್ತಿದೆ, ಯಾವ ಸಾಲಿನಲ್ಲಿದೆ, ಎಷ್ಟು ಪೀಸ್ ಆಯಿತು, ಜೊತೆಗೆ ಒಂದು ಕ್ಯಾಮೆರಾ ಚಿತ್ರ. ಸೇಠ್ ಅದನ್ನು ತಮ್ಮ ಭಾವನಿಗೆ, ಭಾವನ ಗೆಳೆಯರಿಗೆ ತೋರಿಸಿದರು. ಆ ದೀಪಾವಳಿಗೆ ನನಗೆ ಒಂದು ಡಬ್ಬಿ ಘಾರಿ ಹೆಚ್ಚಿಗೆ ಬಂತು.

ಆಗ ಅದು ನೋಡುವ ಕಿಟಕಿ ಮಾತ್ರ. ಜಗತ್ತಿನಲ್ಲಿ ಇದಕ್ಕೊಂದು ಮಾದರಿಯಿದೆ. 2008ರಲ್ಲಿ ಬಂದ ಎಂಟಿಕನೆಕ್ಟ್ ಎಂಬ ಮುಕ್ತ ಮಾನಕ, ಬೇರೆ ಬೇರೆ ಕಂಪನಿಗಳ ಮಷಿನ್‌ಗಳು ಒಂದೇ ಭಾಷೆಯಲ್ಲಿ ತಮ್ಮ ಸ್ಥಿತಿ ಹೇಳುವಂತೆ ಮಾಡುತ್ತದೆ. ಅದರಲ್ಲಿ ಕೇಳಬಹುದು, ಆದರೆ ಆಜ್ಞೆ ಕೊಡುವಂತಿಲ್ಲ. ಅದನ್ನು ಮಾಡಿದವರು ಬೇಕೆಂದೇ ಹಾಗೆ ಇಟ್ಟಿದ್ದಾರೆ. ಆಗ ನನಗೆ ಅದು ಅರೆಬರೆ ಕೆಲಸ ಅನ್ನಿಸಿತ್ತು. ನೋಡುವುದಾದರೆ ನಡೆಸುವುದಕ್ಕೇನು ಅಡ್ಡಿ?

ಸೇಠ್ ಕೂಡ ಅದನ್ನೇ ಕೇಳಿದರು. “ನಿಂತಿರೋದು ಕಾಣುತ್ತೆ. ಇಲ್ಲಿಂದಲೇ ಚಾಲೂ ಮಾಡೋ ಹಾಗಿದ್ದರೆ?” ಲಿನಕ್ಸ್‌ಸಿಎನ್‌ಸಿಗೆ ದೂರದಿಂದ ಆಜ್ಞೆ ಕೊಡುವ ದಾರಿ ಮೊದಲೇ ಇದೆ. ನೆಟ್‌ವರ್ಕಿನಲ್ಲಿ ಹಲೋ ಎಂದು ಪಾಸ್‌ವರ್ಡ್ ಹೇಳಿ, ಮಷಿನ್ ಆನ್ ಮಾಡು, ಓಡಿಸು ಎನ್ನಬಹುದು. ಬದಲಾಯಿಸದಿದ್ದರೆ ಆ ಪಾಸ್‌ವರ್ಡ್ ಯಾವುದು ಎಂಬುದು ಕೈಪಿಡಿಯಲ್ಲೇ ಇದೆ. ನಾನು ಅದನ್ನು ಬದಲಾಯಿಸಿದೆ, ಬಹಳ ಹುಷಾರಾದೆ ಎಂದುಕೊಂಡೆ. ಒಂದೇ ರಾತ್ರಿಯಲ್ಲಿ ತೆರೆಯ ಮೇಲೆ ಹಸಿರು ಬಟನ್ ಬಂತು: “ಮುಂದುವರಿಸು”.

ಅದು 2022ರ ಜನವರಿ. ಪೋಂಕ್ ಕಾಲ. ಎಳೆ ಜೋಳದ ತೆನೆ ಸುಟ್ಟು ಕಾಳು ಉದುರಿಸಿ, ಸೇವ್ ಜೊತೆ ಮಾರುತ್ತಾರೆ. ನಮ್ಮ ಸೀತನಿಯೇ. ಆ ರಾತ್ರಿ ಊಟ ಮುಗಿಸಿ ಪೋಂಕ್ ತಿನ್ನುತ್ತಾ ಕೂತಿದ್ದೆ. ಹತ್ತೂವರೆ ದಾಟಿತ್ತು. ಸೇಠ್ ಫೋನ್ ಮಾಡಿದರು: ನಾಲ್ಕನೆಯ ಮಷಿನ್ ಇಪ್ಪತ್ತು ನಿಮಿಷದಿಂದ ನಿಂತಿದೆ, ಬೆಳಿಗ್ಗೆ ಡಿಸ್ಪ್ಯಾಚ್ ಇದೆ.

ತೆರೆದು ನೋಡಿದೆ. ಪ್ರೋಗ್ರಾಂ ಎಂ00 ಸಾಲಿನಲ್ಲಿ ಕಾಯುತ್ತಿತ್ತು. ಬೋರ್ ಹೊಡೆದ ಮೇಲೆ ಸ್ಪಿಂಡಲ್ ನಿಂತು, ಆಪರೇಟರ್ ಗೇಜ್ ಹಾಕಿ ಅಳೆದು, ಸರಿಯಿದ್ದರೆ ಬಟನ್ ಒತ್ತಬೇಕು. ಅದಕ್ಕೇ ನಾನು ಬರೆದ ನಿಲುಗಡೆ ಅದು. ಕ್ಯಾಮೆರಾ ಚಿತ್ರದಲ್ಲಿ ಮಷಿನ್ ಮುಂದೆ ಯಾರೂ ಇಲ್ಲ. ಹಿಂದಿನ ಪೀಸುಗಳೆಲ್ಲ ಸರಿಯಾಗಿ ಬಂದಿದ್ದವು. ಹುಡುಗ ಅಳೆದು, ಒತ್ತುವುದನ್ನು ಮರೆತು ಚಹಾಕ್ಕೆ ಹೋಗಿದ್ದಾನೆ ಎಂದುಕೊಂಡೆ. “ಮುಂದುವರಿಸು” ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ತೆರೆ ಹಾಗೇ ಇತ್ತು. ನೆಟ್ ಸರಿಯಿಲ್ಲ ಎಂದು ಬೈದುಕೊಂಡು, ಆ ಪುಟ ಹಾಗೇ ಬಿಟ್ಟು, ಆಪರೇಟರಿಗೆ ಫೋನ್ ಮಾಡಿದೆ. “ಮಷಿನ್ ನಿಂತಿದೆ, ಹೋಗಿ ನೋಡು.”

ಅವನು ಹೋದ. ಬಾಗಿಲು ಸರಿಸಿ, ಬೋರಿನೊಳಗೆ ಗೇಜ್ ಇಟ್ಟು, ಬಗ್ಗಿ ನೋಡುತ್ತಿದ್ದ. ಆಗ ಮಷಿನ್ ಚಾಲೂ ಆಯಿತು.

ಸ್ಪಿಂಡಲ್ ತಿರುಗಿತು, ಟೇಬಲ್ ಪಕ್ಕಕ್ಕೆ ಸರಿಯಿತು. ಗೇಜ್ ಮುರಿಯಿತು. ಗೇಜ್ ಮುರಿದದ್ದರಿಂದಲೇ ಬೆರಳು ಉಳಿಯಿತು ಎಂದು ಆಮೇಲೆ ಹೇಳಿದರು. ಬಲಗೈ ತೋರುಬೆರಳಿಗೆ ಮೂರು ಹೊಲಿಗೆ.

ಬೆಳಿಗ್ಗೆ ಶೆಡ್ಡಿನಲ್ಲಿ ತೀರ್ಪು ಆಗಲೇ ಆಗಿತ್ತು. ಬಾಗಿಲು ತೆಗೆಯುವ ಮೊದಲು ಕೆಂಪು ಬಟನ್ ಒತ್ತಬೇಕಿತ್ತು, ಒತ್ತಲಿಲ್ಲ. ನಿದ್ದೆಗಣ್ಣಲ್ಲಿ ತಾನೇ ಮೊಣಕೈಯಲ್ಲಿ ಸೈಕಲ್ ಸ್ಟಾರ್ಟ್ ತಾಗಿಸಿದ್ದಾನೆ. ಗೇಜಿನ ದುಡ್ಡು ಅವನ ಸಂಬಳದಲ್ಲಿ ಹಿಡಿಯಬೇಕು, ಊರಿಗೆ ಕಳಿಸಬೇಕು. ಬಾಗಿಲು ತೆರೆದರೆ ಮಷಿನ್ ತಾನೇ ನಿಲ್ಲುವ ಸ್ವಿಚ್ಚನ್ನು ಎಂದೋ ವೈರ್ ಕಟ್ಟಿ ಸುಮ್ಮನಾಗಿಸಿದ್ದರು. ಪದೇ ಪದೇ ಅಳೆಯಲು ಅಡ್ಡಿ ಅಂತ. ಅದು ಎಲ್ಲರಿಗೂ ಗೊತ್ತಿತ್ತು, ನನಗೂ. ಯಾರೂ ಅದರ ಮಾತೆತ್ತಲಿಲ್ಲ. ಹುಡುಗ ಮಾತ್ರ “ನಾನು ಒತ್ತಲಿಲ್ಲ ಸಾಬ್” ಎನ್ನುತ್ತಲೇ ಇದ್ದ.

ನಾನು ಲಾಗ್ ತೆರೆದೆ. 10.47ಕ್ಕೆ “ಮುಂದುವರಿಸು” ಎಂಬ ಆಜ್ಞೆ ಬಂದಿದೆ. ಎರಡು ಸಲ, ಒಂದೇ ಕ್ಷಣದಲ್ಲಿ. ನನ್ನ ಲಾಗಿನ್ನಿನಿಂದ. ಆದರೆ 10.47ಕ್ಕೆ ನಾನು ಏನನ್ನೂ ಒತ್ತಿರಲಿಲ್ಲ. ಅವನಿಗೆ ನಾನು ಫೋನ್ ಮಾಡಿದ್ದೇ 10.44ಕ್ಕೆ, ಒತ್ತಿದ್ದು ಅದಕ್ಕೂ ಮುಂಚೆ.

ಅರ್ಥವಾಗಲು ಅರ್ಧ ದಿನ ಬೇಕಾಯಿತು. ಆ ರಾತ್ರಿ ಯಾರೋ ಗ್ರೈಂಡರ್ ಹಾಕಲು ರೂಟರಿನ ಪ್ಲಗ್ ಕಿತ್ತಿದ್ದರು. ನಾನು ನೋಡಿದ ಖಾಲಿ ಜಾಗದ ಚಿತ್ರ, ಪ್ಲಗ್ ಕೀಳುವ ಮೊದಲಿನದು, ಹಳೆಯದು. ಇನ್ನು ನನ್ನ ಎರಡು ಒತ್ತುಗಳು? ನಾನು ಬಳಸಿದ್ದ ಸಾಕೆಟ್ ಐಓ ಎಂಬ ಸಲಕರಣೆಗೆ ಒಂದು ಅಭ್ಯಾಸವಿದೆ. ಸಂಪರ್ಕ ಇಲ್ಲದಾಗ ಕಳಿಸಿದ್ದನ್ನು ಅದು ಬಿಸಾಡುವುದಿಲ್ಲ, ಜೋಪಾನವಾಗಿ ಇಟ್ಟುಕೊಂಡು ಸಂಪರ್ಕ ಬಂದ ಕೂಡಲೇ ತಲುಪಿಸುತ್ತದೆ. ಅದರ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಗೆಳೆಯರ ಹರಟೆ ಕಳಿಸುವುದಾದರೆ ಅದು ಒಳ್ಳೆಯ ಗುಣ. ಪ್ಲಗ್ ಮತ್ತೆ ಹಾಕಿದಾಗ, ಕಾದು ಕೂತಿದ್ದ ನನ್ನ ಆಜ್ಞೆ ಶೆಡ್ ತಲುಪಿತ್ತು. ಅಷ್ಟರಲ್ಲಿ ಅವನನ್ನು ಮಷಿನ್ ಮುಂದೆ ಕಳಿಸಿದವನೂ ನಾನೇ.

ಇದನ್ನು ಹೇಳಲು ನನಗೆ ಎರಡು ದಿನ ಬೇಕಾಯಿತು. ಮರೆಮಾಚದೆ ಬರೆಯುತ್ತಿದ್ದೇನೆ. ಆ ಲಾಗ್ ಓದಬಲ್ಲವನು ಇಡೀ ಶೆಡ್ಡಿನಲ್ಲಿ ನಾನೊಬ್ಬನೇ. ಕೋಡ್ ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮನೆ ಬಾಡಿಗೆ, ಮಗಳ ಶಾಲೆ ಫೀಸು ಎಲ್ಲ ಲೆಕ್ಕ ಹಾಕಿದೆ. ಎರಡನೆಯ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ನನ್ನ ತಪ್ಪು ಎನ್ನಲಿಲ್ಲ, ಶೆಡ್ಡಿನಲ್ಲಿ ಹೀಗಾಯ್ತು ಎಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. “ನೀನು ಸಣ್ಣೋನಿದ್ದಾಗ ಚಕ್ ಕೀ ವಿಷಯಕ್ಕೆ ಹೊಡೆದಿದ್ದೆ, ನೆನಪೈತಾ?” ಎಂದ.

ನೆನಪಿತ್ತು. ಲೇಥಿನ ಚಕ್ ಬಿಗಿಮಾಡುವ ಆ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ನೀರು ಕುಡಿಯಲು ಹೋಗಿದ್ದೆ. ಯಾರಾದರೂ ಲೇಥು ಚಾಲೂ ಮಾಡಿದ್ದರೆ ಅದು ಸಿಡಿದು ತಲೆಗೆ ಬಡಿಯುತ್ತಿತ್ತು. ಕೀ ಚಕ್ಕಿನಲ್ಲಿರುವಷ್ಟು ಹೊತ್ತೂ ಕೈ ಕೀಲಿಯ ಮೇಲೇ ಇರಬೇಕು. ಅಪ್ಪನ ವರ್ಕ್‌ಶಾಪಿನ ಮೊದಲ ನಿಯಮ ಅದು.

“ಚಾಲೂ ಮಾಡೋನು ಮಷಿನ್ ಮುಂದೆ ಇರ್ಬೇಕಪ್ಪ. ಅಷ್ಟು ದೂರ ಕೂತು ಒತ್ತೋದು ಅಂದ್ರೆ, ಕೀ ಚಕ್ಕಿನಾಗೆ ಬಿಟ್ಟು ಊರಿಗೆ ಹೋದಂಗೆ” ಎಂದ. ನಾನು ಹೇಳದೆ ಬಿಟ್ಟಿದ್ದು ಅವನಿಗೆ ತಿಳಿದಿತ್ತೋ ಏನೋ, ನಾನು ಕೇಳಲಿಲ್ಲ.

ಬೆಳಿಗ್ಗೆ ಸೇಠ್ ಹತ್ತಿರ ಹೋಗಿ ಲಾಗ್ ತೋರಿಸಿದೆ. ಅವರು ಕೂಗಾಡಿದರು, ಆಮೇಲೆ ಸುಮ್ಮನಾದರು. ಹುಡುಗನ ಸಂಬಳ ಹಿಡಿಯಲಿಲ್ಲ. ಆಸ್ಪತ್ರೆ ಖರ್ಚು ಕೊಟ್ಟರು. ಗೇಜಿನ ದುಡ್ಡು ನಾನು ಕೊಟ್ಟೆ. ಆಮೇಲೆ ಹುಡುಗನ ಮುಂದೆ ನಿಂತು ಆಜ್ಞೆ ಹೋದದ್ದು ನನ್ನ ಮೊಬೈಲಿನಿಂದ ಎಂದು ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ: “ಒಳಗೆ ಯಾರು ನೋಡ್ತಿದ್ದಾರೆ, ಯಾರು ಒತ್ತಿದ್ರು ಅಂತ ನನಗೂ ಕಾಣೋ ಹಾಗೆ ಮಾಡ್ತೀರಾ ಸಾಬ್?”

ನಾನು ಇಡೀ ವ್ಯವಸ್ಥೆಯನ್ನು ಮತ್ತೆ ಬರೆದದ್ದು ಆ ಪ್ರಶ್ನೆ ಇಟ್ಟುಕೊಂಡು. ಅದುವರೆಗೆ ನೋಡುವವರಿಗೆ ಏನು ಬೇಕು ಎಂದಷ್ಟೇ ಯೋಚಿಸಿದ್ದೆ. ನೋಡಿಸಿಕೊಳ್ಳುವವನಿಗೂ ಏನಾದರೂ ಬೇಕಿರಬಹುದು ಎಂಬುದು ತಲೆಗೇ ಬಂದಿರಲಿಲ್ಲ.

ಮೊದಲು ಬಾಗಿಲಿನ ಸ್ವಿಚ್ಚಿಗೆ ಕಟ್ಟಿದ್ದ ವೈರ್ ಕಿತ್ತೆವು. ಕೆಂಪು ಬಟನ್ ನೇರ ವೈರಿನಲ್ಲೇ ಇರಬೇಕು, ಯಾವ ತಂತ್ರಾಂಶವನ್ನೂ ದಾಟಬಾರದು. ಆಮೇಲೆ ಕೋಡ್. ಪ್ರತಿ ಚಿತ್ರದ ಮೇಲೆ ಗಂಟೆ, ನಿಮಿಷ, ಸೆಕೆಂಡು. ಎರಡು ಸೆಕೆಂಡಿಗಿಂತ ಹಳೆಯದಾದರೆ ಇಡೀ ತೆರೆ ಬೂದಿ ಬಣ್ಣ, ಬಟನ್‌ಗಳು ಮಾಯ. ಪ್ರತಿ ಆಜ್ಞೆಗೂ ಹುಟ್ಟಿದ ಹೊತ್ತು ಮತ್ತು ಒಂದು ಕ್ರಮಸಂಖ್ಯೆ. ಒಂದು ಸೆಕೆಂಡು ತಡವಾದರೆ ಅದು ಸತ್ತಂತೆ, ಎರಡನೆಯ ಸಲ ಬಂದರೂ ಸತ್ತಂತೆ. ಸಂಪರ್ಕ ಇಲ್ಲದಿದ್ದರೆ ಇಟ್ಟುಕೊಳ್ಳುವುದಿಲ್ಲ, ಬಿಸಾಡುತ್ತದೆ.

ಮತ್ತೆ, ದೂರದಿಂದ ಚಾಲೂ ಮಾಡುವ ಬಟನ್ ಇಲ್ಲ. ಅದರ ಜಾಗದಲ್ಲಿ “ಕೇಳು” ಎಂದಿದೆ. ಒತ್ತಿದರೆ ಮಷಿನ್ ಪಕ್ಕದ ತೆರೆಯಲ್ಲಿ ಕೋರಿಕೆ ಬರುತ್ತದೆ. ಚಾಲೂ ಮಾಡುವುದು ಮಷಿನ್ ಮೇಲಿನ ಹಸಿರು ಬಟನ್, ಅಲ್ಲಿರುವವನ ಕೈ.

“ನಿಲ್ಲಿಸೋದಾದರೂ ಇಲ್ಲಿಂದ ಆಗಲಿ” ಎಂದರು ಸೇಠ್. ಅದೂ ಸಲೀಸಲ್ಲ. ನಿಮಿಷಕ್ಕೆ 1200 ಮಿಲಿಮೀಟರ್ ವೇಗ ಎಂದರೆ ಸೆಕೆಂಡಿಗೆ 20. ಮೊಬೈಲ್ ನೆಟ್ ಮೂರು ಸೆಕೆಂಡು ತಡ ಮಾಡಿದರೆ ಟೂಲ್ 60 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಕೆಲಸ ಮಾಡದೆ ಜಾಗ ಬದಲಿಸುವ ಓಟವಾದರೆ ಅಷ್ಟರಲ್ಲಿ ಟೇಬಲ್ಲಿನ ಆ ತುದಿಯಲ್ಲಿರುತ್ತದೆ. ತೂತಿಗೆ ಥ್ರೆಡ್ ಹಾಕುವ ಮಧ್ಯೆ ಸ್ಪಿಂಡಲ್ ನಿಂತರೆ ಟ್ಯಾಪ್ ಒಳಗೇ ಮುರಿದು ಕೂರುತ್ತದೆ. ಹಾಗಾಗಿ ದೂರದಿಂದ ಫೀಡ್ ತಡೆಯಲು ಮಾತ್ರ ಒಂದು ಬಟನ್ ಇಟ್ಟೆ. ಅದರ ಕೆಳಗೆ, ಇದನ್ನು ಅಪಾಯಕ್ಕೆ ನಂಬಬೇಡಿ ಎಂದು ಬರೆದೆ.

ಹುಡುಗ ಕೇಳಿದ್ದಕ್ಕೆ ಒಂದು ನೀಲಿ ದೀಪ. ಯಾರಾದರೂ ದೂರದಿಂದ ಆ ಮಷಿನ್ ತೆರೆದ ಕೂಡಲೇ ಅದು ಹತ್ತುತ್ತದೆ. ಯಾರು, ಎಷ್ಟು ಹೊತ್ತಿಗೆ, ಏನು ಒತ್ತಿದರು ಎಂಬುದು ಅಲ್ಲೇ ತೆರೆಯಲ್ಲಿ ಓಡುತ್ತದೆ, ಹಿಂದಿ, ಗುಜರಾತಿ, ಒಡಿಯಾದಲ್ಲಿ. ಒಡಿಯಾ ಮಾತುಗಳನ್ನು ಹಾಕಿಕೊಟ್ಟವನು ಅವನೇ. ಕನ್ನಡವನ್ನೂ ಸೇರಿಸಿದೆ. ಆ ಶೆಡ್ಡಿನಲ್ಲಿ ಓದುವವನು ನಾನೊಬ್ಬನೇ, ಆದರೂ.

ಕೊನೆಗೆ ಕೋಡನ್ನು ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ತೆರೆದಿಟ್ಟೆ. ಸೇಠ್ ಸೂರತ್ತಿನ ವ್ಯಾಪಾರಿ, ಬಿಟ್ಟಿ ಕೊಡುವುದು ಸುಲಭಕ್ಕೆ ಒಪ್ಪುವ ಮಾತಲ್ಲ. “ಪಕ್ಕದ ಶೆಡ್ಡಿನವನೂ ಹಾಕಿಕೊಳ್ತಾನಲ್ಲ?” ಎಂದರು. “ಹಾಕಿಕೊಳ್ಳಲಿ. ನಮ್ಮ ಮಷಿನ್ ಎದ್ದದ್ದೂ ಬೇರೆಯವರ ಕೋಡಿನಿಂದಲೇ ಅಲ್ವಾ” ಎಂದೆ. ನಿಜವಾದ ಕಾರಣ ಅದೊಂದೇ ಅಲ್ಲ. ಒಬ್ಬನೇ ಓದಬಲ್ಲ ಕೋಡ್ ಇದ್ದಾಗ ಒಬ್ಬನ ಮನಸ್ಸಾಕ್ಷಿಯ ಮೇಲೆ ಇನ್ನೊಬ್ಬನ ಕೂಳು ನಿಂತಿರುತ್ತದೆ. ಆ ಎರಡು ದಿನ ನನ್ನ ಮನಸ್ಸಾಕ್ಷಿ ಹೇಗಿತ್ತು ಎಂದು ನಾನು ನೋಡಿದ್ದೇನೆ. ಕೋಡಿನ ಜೊತೆಗಿಟ್ಟ ದೋಷಗಳ ಪಟ್ಟಿಯಲ್ಲಿ ಮೊದಲನೆಯದು ಅದೇ ರಾತ್ರಿಯದು, ಪ್ಲಗ್ ಕಿತ್ತದ್ದರಿಂದ ಹೊಲಿಗೆ ಹಾಕಿದ್ದರವರೆಗೆ. ಹುಡುಗನ ಹೆಸರಿಲ್ಲ, ನನ್ನದಿದೆ.

ಇದನ್ನು ಬರೆಯುತ್ತಿರುವುದಕ್ಕೆ ಇನ್ನೊಂದು ನೆಪವೂ ಉಂಟು. ನಮ್ಮಂತೆ ಊರು ಬಿಟ್ಟವರ ಮನೆಗಳಲ್ಲಿ ಈಗ ಕ್ಯಾಮೆರಾ ಇದೆ. ನಾನೂ ದಾವಣಗೆರೆಯ ಮನೆ ಜಗಲಿಗೆ ಒಂದು ಹಾಕಿಸಿದ್ದೇನೆ. ಒಂದು ಮಧ್ಯಾಹ್ನ ಅಪ್ಪ ಕುರ್ಚಿಯಲ್ಲಿ ಕೂತಿರುವುದನ್ನು ನೋಡಿ ಸಮಾಧಾನವಾಗಿ ಕೆಲಸಕ್ಕೆ ಹೋದೆ. ಸಂಜೆ ಫೋನಿನಲ್ಲಿ ಗೊತ್ತಾಯಿತು, ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ, ಅಪ್ಪ ಜ್ವರ ಬಂದು ಒಳಗೆ ಮಲಗಿದ್ದ. ಈಗ ಚಿತ್ರದ ಮೂಲೆಯ ಗಂಟೆ ನೋಡದೆ ನಂಬುವುದಿಲ್ಲ. ನೀವೂ ನೋಡಿ.

ಹುಡುಗ ಈಗಲೂ ನಾಲ್ಕನೆಯ ಮಷಿನ್ನಿನಲ್ಲೇ ಇದ್ದಾನೆ. ರಾತ್ರಿ ಪಾಳಿಯಲ್ಲಿ ನಾನು ಮನೆಯಿಂದ ತೆರೆದರೆ ಅಲ್ಲಿ ನೀಲಿ ದೀಪ ಹತ್ತುತ್ತದೆ. ಅವನು ಕ್ಯಾಮೆರಾದ ಕಡೆ ತಿರುಗಿ ಬಲಗೈ ಎತ್ತುತ್ತಾನೆ. ನಾನು ಒಂದು ನಿಮಿಷ ನೋಡಿ, ಮುಚ್ಚಿ, ಮಲಗುತ್ತೇನೆ.